ಹತ್ತರ ಸೂತ್ರ: ರಕ್ತ ಕೊಡುವ ನಿರ್ಧಾರದ ಚರಿತ್ರೆ

ಶಾಸ್ತ್ರಕ್ಕಿಂತ ರೂಢಿಯೇ ಬಲಶಾಲಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮದುವೆ ಮುಂಜಿಗಳಲ್ಲಿ, ಊರಹಬ್ಬಗಳಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ತಾವೆಲ್ಲರೂ ಕಂಡಿದ್ದೀರಿ. ಆದರೆ ಪ್ರತಿಯೊಂದನ್ನೂ ಅಳೆದು ತೂಗಿಯೇ ಹೆಜ್ಜೆಯಿಡುವುದೆಂದು ನಾವು ನಂಬಿರುವ ಆಧುನಿಕ ವೈದ್ಯದಲ್ಲಿಯೂ ರೂಢಿಯೊಂದು ಶಾಸ್ತ್ರದ ವೇಷ ತೊಟ್ಟು ಸುಮಾರು ಅರ್ಧ ಶತಮಾನ ಆಳಿತೆಂದರೆ ತಮಗೆ ಆಶ್ಚರ್ಯವಾದೀತು.

ಆ ರೂಢಿ ರಕ್ತಕ್ಕೆ ಸಂಬಂಧಿಸಿದುದು. ಕಾಯಿಲೆ ವಿಷಮಿಸಿ ಮಲಗಿರುವ ಮನುಷ್ಯನಿಗೆ ಇನ್ನೊಬ್ಬರ ರಕ್ತವನ್ನು ಯಾವಾಗ ಕೊಡಬೇಕು? ಎಷ್ಟು ಕೊಡಬೇಕು? ಕೊಡದೆ ಕಾಯುವುದು ಯಾವಾಗ ಮೇಲು? ಈ ಮೂರು ಪ್ರಶ್ನೆಗಳಿಗೂ ‘ಹತ್ತು’ ಎಂಬ ಒಂದೇ ಅಂಕಿಯನ್ನು ಉತ್ತರವಾಗಿ ಹಿಡಿದು ಜಗತ್ತಿನ ಎಷ್ಟೋ ಆಸ್ಪತ್ರೆಗಳು ನಡೆದುಬಂದವು. ಆ ಅಂಕಿ ಎಲ್ಲಿ ಹುಟ್ಟಿತು, ಹೇಗೆ ಬೇರೂರಿತು, ಕಡೆಗೆ ಯಾರು ಅದನ್ನು ಒರೆಗೆ ಹಚ್ಚಿದರು ಎಂಬುದನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಸೂತ್ರ, ಅಪವಾದ, ಪ್ರಯೋಗ ಎಂಬ ಮಾತುಗಳೊಡನೆ ಬಹುಕಾಲ ಒಡನಾಡಿದವನಾದುದರಿಂದ ಈ ಚರಿತ್ರೆ ನನ್ನ ಮನಸ್ಸನ್ನು ಹಿಡಿದಿದೆ.

ಮೊದಲು ಹಿಂದಿನ ಸಂಗತಿ. ರಕ್ತವು ಹೃದಯದಿಂದ ಹೊರಟು ದೇಹವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ ೧೬೨೮ರಲ್ಲಿ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಹಾಗೆ ಹರಿಯುವ ದ್ರವವನ್ನು ಒಂದು ದೇಹದಿಂದ ಇನ್ನೊಂದಕ್ಕೂ ಹರಿಸಬಹುದಲ್ಲವೆ ಎಂಬ ಯೋಚನೆ ಕೆಲವರಿಗೆ ಹುಟ್ಟಿತು. ೧೬೬೦ರ ದಶಕದಲ್ಲಿ ರಿಚರ್ಡ್ ಲೋವರ್ ಎಂಬ ವೈದ್ಯನು ಆಕ್ಸ್‌ಫರ್ಡಿನಲ್ಲಿ ಒಂದು ನಾಯಿಯ ರಕ್ತವನ್ನು ಇನ್ನೊಂದು ನಾಯಿಗೆ ಹರಿಸಿದನು. ೧೬೬೭ರಲ್ಲಿ ಪ್ಯಾರಿಸಿನ ಡೆನಿ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಜ್ವರದಿಂದ ಬಳಲುತ್ತಿದ್ದ ಹುಡುಗನೊಬ್ಬನಿಗೆ ಕೊಟ್ಟನು. ಹುಡುಗ ಉಳಿದುಕೊಂಡನು. ಆದರೆ ಅನಂತರ ಕರುವಿನ ರಕ್ತ ಪಡೆದ ಬುದ್ಧಿಭ್ರಮಣೆಯ ರೋಗಿಯೊಬ್ಬನು ತೀರಿಕೊಂಡನು. ವಿಷಯ ನ್ಯಾಯಾಲಯದ ಮೆಟ್ಟಲು ಹತ್ತಿತು. ಫ್ರಾನ್ಸಿನಲ್ಲಿ ಈ ಚಿಕಿತ್ಸೆಗೇ ತಡೆ ಬಿದ್ದಿತು. ಸುಮಾರು ಒಂದೂವರೆ ಶತಮಾನ ಯಾರೂ ಅದರ ಗೋಜಿಗೆ ಹೋಗಲಿಲ್ಲವೆಂದರೆ ತಪ್ಪಾಗದು.

ಮತ್ತೆ ಈ ದಾರಿಯನ್ನು ತೆರೆದವನು ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್. ಹೆರಿಗೆಯ ಬಳಿಕ ರಕ್ತ ಹರಿದು ಹರಿದು ಬಾಣಂತಿಯರು ಕಣ್ಣೆದುರಿಗೇ ಸಾಯುವುದನ್ನು ಕಂಡು ಅವನ ಕರುಳು ಮರುಗಿತು. ಮನುಷ್ಯನಿಗೆ ಮನುಷ್ಯನ ರಕ್ತವೇ ಆಗಬೇಕೆಂದು ಅವನು ನಿಶ್ಚಯಿಸಿ, ೧೮೧೮ರಲ್ಲಿ ಅದನ್ನು ಕೈಗೊಂಡನು. ಕೆಲವರು ಬದುಕಿದರು, ಕೆಲವರು ಸತ್ತರು. ಏಕೆಂಬುದು ತಿಳಿದುದು ಆಸ್ಟ್ರಿಯಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಪಡಿಸಿದ ಮೇಲೆಯೇ. ಅವನಿಗೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ೧೯೧೪-೧೫ರಲ್ಲಿ ಸಿಟ್ರೇಟ್ ಎಂಬ ಲವಣವನ್ನು ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲವೆಂಬುದು ಬಳಕೆಗೆ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಶೇಖರಿಸಿಟ್ಟ ರಕ್ತವನ್ನು ಕೊಟ್ಟರು. ೧೯೩೭ರಲ್ಲಿ ಷಿಕಾಗೋ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಎಂಬುವರು ರಕ್ತವನ್ನು ಕೂಡಿಡುವ ಏರ್ಪಾಡು ಮಾಡಿ ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂಬ ಹೆಸರಿಟ್ಟರು. ಹಣ ಕಟ್ಟಿದವನು ಹಣ ತೆಗೆಯುವಂತೆ, ರಕ್ತ ಕಟ್ಟಿ ರಕ್ತ ತೆಗೆಯುವುದು! ಆ ಹೆಸರು ಇಂದಿಗೂ ಉಳಿದಿದೆ.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಈ ಮುನ್ನೂರು ವರ್ಷ ವೈದ್ಯರ ತಲೆಯಲ್ಲಿದ್ದ ಪ್ರಶ್ನೆ ‘ಹೇಗೆ ಕೊಡುವುದು?’ ಎಂಬುದೊಂದೇ. ಗುಂಪು ಹೊಂದಿಸುವುದು, ಹೆಪ್ಪುಗಟ್ಟದಂತೆ ಮಾಡುವುದು, ಕೆಡದಂತೆ ಇಡುವುದು, ಎಲ್ಲವೂ ‘ಹೇಗೆ’ ಎಂಬುದಕ್ಕೆ ಉತ್ತರಗಳು. ಬಾವಿ ತೋಡುವವರೆಗೆ ನೀರು ಸಿಕ್ಕೀತೆ ಎಂಬ ಚಿಂತೆ. ನೀರು ಸಿಕ್ಕ ಮೇಲೆ ಎಷ್ಟು ಸೇದಬೇಕೆಂದು ಕೇಳುವವರು ಯಾರು? ರಕ್ತವು ಸೀಸೆಗಳಲ್ಲಿ ಕೈಗೆಟುಕುವಂತೆ ಬಂದು ಕುಳಿತ ಮೇಲೂ ‘ಯಾವಾಗ ಕೊಡುವುದು?’ ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಹತ್ತರ ಸೂತ್ರ ಹುಟ್ಟಿದುದು ಆ ಹೊತ್ತಿನಲ್ಲಿ. ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ, ಕಬ್ಬಿಣದ ಅಂಶವುಳ್ಳ ವಸ್ತುವಿದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತುಕೊಂಡು ಮೈಯ ಮೂಲೆಮೂಲೆಗೆ ತಲುಪಿಸುವ ಕೂಲಿ ಅದು. ನೂರು ಮಿಲಿಲೀಟರ್ ರಕ್ತದಲ್ಲಿ ಅದು ಗಂಡಸರಲ್ಲಿ ೧೩ ಗ್ರಾಂ, ಹೆಂಗಸರಲ್ಲಿ ೧೨ ಗ್ರಾಂ ಆದರೂ ಇರಬೇಕೆಂದು ಎಣಿಕೆ. ಅಮೆರಿಕದ ಪ್ರಸಿದ್ಧ ಮೇಯೋ ಕ್ಲಿನಿಕ್ಕಿನಲ್ಲಿ ಅರಿವಳಿಕೆ ಕೊಡುತ್ತಿದ್ದ ಆಡಮ್ಸ್ ಮತ್ತು ಲಂಡಿ ಎಂಬ ಇಬ್ಬರು ವೈದ್ಯರು ೧೯೪೨ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆಗೆ ಬಂದ ಅಶಕ್ತ ರೋಗಿಗಳಲ್ಲಿ ಅಪಾಯವನ್ನು ಕಡಮೆ ಮಾಡುವ ಬಗೆ ಅದರ ವಿಷಯ. ಹಿಮೋಗ್ಲೋಬಿನ್ ೮ರಿಂದ ೧೦ ಗ್ರಾಮಿಗಿಂತ ಕೆಳಗಿದ್ದರೆ ಶಸ್ತ್ರಕ್ರಿಯೆಗೆ ಮುಂಚೆ ರಕ್ತ ಕೊಡುವುದು ಜಾಣತನವೆಂದು ಅವರು ಸಲಹೆ ಮಾಡಿದರು. ಅದು ತಮ್ಮ ಅನುಭವದಿಂದ ಹೇಳಿದ ಮಾತು. ಆ ಕಾಲದ ಅರಿವಳಿಕೆಯ ಸ್ಥಿತಿಯನ್ನು ನೆನೆದರೆ ವಿವೇಕದ ಮಾತೇ ಸರಿ.

ಆದರೆ ಸಲಹೆ ಸಲಹೆಯಾಗಿ ಉಳಿಯಲಿಲ್ಲ. ಕೈಯಿಂದ ಕೈಗೆ ದಾಟುತ್ತ ‘೮ರಿಂದ’ ಎಂಬುದು ಉದುರಿಹೋಗಿ ‘೧೦’ ಮಾತ್ರ ಉಳಿಯಿತು. ‘ಶಸ್ತ್ರಕ್ರಿಯೆಗೆ ಮುಂಚೆ’ ಎಂಬುದು ಮರೆತುಹೋಗಿ ಎಲ್ಲ ರೋಗಿಗಳಿಗೂ ಅನ್ವಯವಾಯಿತು. ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ನೂರಕ್ಕೆ ೩೦ ಇರಬೇಕೆಂಬ ಮಾತೂ ಜೊತೆಗೂಡಿ ‘ಹತ್ತು-ಮೂವತ್ತರ ನಿಯಮ’ ಎಂದು ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡತೊಡಗಿದರು. ಗುರು ಹೇಳಿದ, ಶಿಷ್ಯ ನಂಬಿದ. ಆ ಶಿಷ್ಯನೇ ಗುರುವಾಗಿ ಮತ್ತೊಬ್ಬನಿಗೆ ಹೇಳಿದ.

ಇದೇ ವೇಳೆಗೆ ಇನ್ನೊಂದು ಹೊಸ ವ್ಯವಸ್ಥೆ ಜನ್ಮತಾಳಿತು. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹರಡಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಆಸ್ಪತ್ರೆಗೆ ಬಂದು ತುಂಬಿಕೊಂಡರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಆಗಸ್ಟಿನಲ್ಲಿ ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಗಂಟಲಿಗೆ ಕೊಳವೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಅದುಮುತ್ತ ಉಸಿರು ತುಂಬಿ ಬದುಕಿಸಿದರು. ಅಲ್ಲಿಂದ ಮುಂದೆ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ರೋಗಿಗಳ ಪಕ್ಕದಲ್ಲಿ ಕುಳಿತು ಚೀಲಗಳನ್ನು ಅದುಮಿದರು. ಮರುವರ್ಷದ ಕೊನೆಯಲ್ಲಿ ಇಬ್ಸೆನ್ ಅದೇ ನಗರದಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಾರ್ಡನ್ನು ತೆರೆದರು. ಇಂದು ಐ.ಸಿ.ಯು. ಎಂದು ಎಲ್ಲರ ಬಾಯಲ್ಲಿಯೂ ಇರುವ ತೀವ್ರ ನಿಗಾ ಘಟಕದ ಮೂಲ ಅದು. ಹತ್ತರ ಸೂತ್ರವೂ ಇಂಥ ಘಟಕಗಳಿಗೆ ಯಾರ ಅಪ್ಪಣೆಯನ್ನೂ ಕೇಳದೆ ಕಾಲಿಟ್ಟಿತು. ರೋಗ ಹೆಚ್ಚಿದಷ್ಟೂ ಆಮ್ಲಜನಕ ಹೆಚ್ಚು ಬೇಕು, ಆಮ್ಲಜನಕ ಬೇಕಾದರೆ ರಕ್ತ ಬೇಕು, ಆದುದರಿಂದ ಹತ್ತಕ್ಕಿಂತ ಕೆಳಗಿಳಿಯಬಾರದು ಎಂಬುದು ತರ್ಕ. ಕೇಳಿದರೆ ಯಾರೂ ಒಪ್ಪುವಂಥದೇ.

ತರ್ಕಕ್ಕೆ ಸಿಕ್ಕದೆ ಉಳಿದ ಸಂಗತಿಗಳು ಮಾತ್ರ ಹಲವಿದ್ದವು. ದೇಹವು ಜಿಪುಣ ಗೃಹಸ್ಥನಂತೆ ತುರ್ತಿಗೆಂದು ತೆಗೆದಿಟ್ಟುಕೊಂಡಿರುತ್ತದೆ. ವಿಶ್ರಾಂತಿಯಲ್ಲಿರುವಾಗ ರಕ್ತವು ಹೊತ್ತು ತರುವ ಆಮ್ಲಜನಕದಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಅಂಗಾಂಶಗಳು ಬಳಸಿಕೊಳ್ಳುತ್ತವೆ. ಹಿಮೋಗ್ಲೋಬಿನ್ ಇಳಿದರೆ ಹೃದಯ ಚುರುಕಾಗುತ್ತದೆ, ಅಂಗಾಂಶಗಳು ಹೆಚ್ಚಿನ ಪಾಲನ್ನು ಎಳೆದುಕೊಳ್ಳುತ್ತವೆ. ಇನ್ನೊಂದು ಕಡೆ, ಪರರ ರಕ್ತ ಎಷ್ಟೇ ಹೊಂದಿಕೊಂಡರೂ ಪರರದೇ. ಅದರಿಂದ ಜ್ವರ ಬರಬಹುದು. ವಿರಳವಾಗಿ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಬಲಗುಂದಿದ ಹೃದಯಕ್ಕೆ ಅಷ್ಟು ದ್ರವವೇ ಭಾರವಾಗಬಹುದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಮ್ಮಲ್ಲಿ ಮನೆಮಾತು. ರಕ್ತದ ವಿಷಯದಲ್ಲಿ ಅದನ್ನು ನೆನೆದವರು ಕಡಮೆ.

ನೆನೆಯುವಂತೆ ಮಾಡಿದುದು ಒಂದು ಭಯ. ೧೯೮೦ರ ದಶಕದ ಆರಂಭದಲ್ಲಿ ಏಡ್ಸ್ ರೋಗ ರಕ್ತದ ಮೂಲಕವೂ ಹರಡುವುದೆಂದು ತಿಳಿದು ಜಗತ್ತು ತಲ್ಲಣಿಸಿತು. ಅದನ್ನು ಪತ್ತೆಮಾಡುವ ರಕ್ತಪರೀಕ್ಷೆ ೧೯೮೫ರಲ್ಲಿ ಬಂದಿತು. ಆದರೆ ಅಷ್ಟರಲ್ಲಿ ‘ಈ ರಕ್ತ ನಿಜವಾಗಿಯೂ ಬೇಕಿತ್ತೆ?’ ಎಂಬ ಪ್ರಶ್ನೆ ಎದ್ದುನಿಂತಿತ್ತು. ೧೯೮೮ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತಜ್ಞರನ್ನು ಕೂಡಿಸಿತು. ಹತ್ತು ಎಂಬ ಒಂದೇ ಅಂಕಿಯನ್ನು ಎಲ್ಲರಿಗೂ ಹಿಡಿಯುವುದಕ್ಕೆ ಆಧಾರ ಸಾಲದು, ರೋಗಿಯ ಸ್ಥಿತಿಯನ್ನು ನೋಡಿ ನಿರ್ಧರಿಸಬೇಕು ಎಂದು ಅವರು ಸಾರಿದರು.

ಇಲ್ಲಿ ನನಗೆ ನಮ್ಮ ಕೇಶಿರಾಜನ ನೆನಪಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಆ ವೈಯಾಕರಣನು ಬರಿಯ ಸೂತ್ರ ಹೇಳಿ ಕೈತೊಳೆದುಕೊಳ್ಳಲಿಲ್ಲ. ಸೂತ್ರದ ಕೆಳಗೆ ವೃತ್ತಿಯನ್ನು ಬರೆದು, ಅದರ ಕೆಳಗೆ ಕವಿಗಳ ಪ್ರಯೋಗಗಳನ್ನು ತಂದು ನಿಲ್ಲಿಸಿದನು. ಪ್ರಯೋಗವಿಲ್ಲದ ಸೂತ್ರಕ್ಕೆ ಬೆಲೆಯಿಲ್ಲವೆಂಬುದು ಅವನ ನಡೆಯಿಂದಲೇ ತಿಳಿಯುತ್ತದೆ. ಕನ್ನಡದಲ್ಲಿ ‘ಪ್ರಯೋಗ’ ಎಂಬ ಒಂದೇ ಶಬ್ದಕ್ಕೆ ಭಾಷೆಯಲ್ಲಿ ಬಳಕೆ ಎಂದೂ ವಿಜ್ಞಾನದಲ್ಲಿ ಪರೀಕ್ಷೆ ಎಂದೂ ಅರ್ಥವಿರುವುದು ಎಷ್ಟು ಉಚಿತ! ಹತ್ತರ ಸೂತ್ರವು ಪ್ರಯೋಗವಿಲ್ಲದೆಯೇ ಅಷ್ಟು ಕಾಲ ಬಾಳಿತು.

ಆ ಪ್ರಯೋಗವನ್ನು ಕೈಗೊಂಡವರು ಕೆನಡಾ ದೇಶದ ಪಾಲ್ ಎಬೇರ್ ಮತ್ತು ಅವರ ಸಂಗಡಿಗರು. ೧೯೯೪ರಿಂದ ೧೯೯೭ರವರೆಗೆ ಆ ದೇಶದ ೨೫ ತೀವ್ರ ನಿಗಾ ಘಟಕಗಳಲ್ಲಿ ೮೩೮ ರೋಗಿಗಳು ಇದರಲ್ಲಿ ಸೇರಿದರು. ಎಲ್ಲರೂ ವಿಷಮಸ್ಥಿತಿಯಲ್ಲಿದ್ದವರು, ಎಲ್ಲರ ಹಿಮೋಗ್ಲೋಬಿನ್ನೂ ೯ಕ್ಕಿಂತ ಕೆಳಗೆ ಇಳಿದಿತ್ತು, ರಕ್ತ ಸುರಿಯುತ್ತಲೇ ಇದ್ದವರನ್ನು ಸೇರಿಸಲಿಲ್ಲ. ಚೀಟಿಯೆತ್ತಿದಂತೆ ಇವರನ್ನು ಎರಡು ಪಂಗಡ ಮಾಡಿದರು. ವೈದ್ಯನ ಇಷ್ಟಾನಿಷ್ಟ ನಡುವೆ ಬಾರದಿರಲೆಂದು ಈ ಬಗೆ. ಒಂದು ಪಂಗಡಕ್ಕೆ ಹಳೆಯ ಪದ್ಧತಿಯಂತೆ ೧೦ಕ್ಕಿಂತ ಇಳಿದರೆ ರಕ್ತ. ಇನ್ನೊಂದಕ್ಕೆ ೭ಕ್ಕಿಂತ ಇಳಿದರೆ ಮಾತ್ರ.

ತಾವು ಆ ವೈದ್ಯರ ಸ್ಥಾನದಲ್ಲಿ ನಿಂತು ನೋಡಿರಿ. ಎದುರಿಗೆ ಸಾವುಬದುಕಿನ ನಡುವಣ ರೋಗಿ. ಅಂಕಿ ಎಂಟಕ್ಕೆ ಇಳಿದಿದೆ. ರಕ್ತದ ಚೀಲ ಹತ್ತಿರದಲ್ಲಿಯೇ ಇದೆ. ಗುರುಗಳು ಕಲಿಸಿದ ಪಾಠ ‘ಕೊಡು’ ಎನ್ನುತ್ತದೆ. ಕೊಡದೆ ಕೈಕಟ್ಟಿ ನಿಲ್ಲುವುದಕ್ಕೆ ಎಂಥ ಎದೆ ಬೇಕು! ಸೇರಿಸಲು ಎಣಿಸಿದ್ದಷ್ಟು ರೋಗಿಗಳು ಸಿಕ್ಕದೆ ಪ್ರಯೋಗವನ್ನು ಮೊದಲೇ ಮುಗಿಸಬೇಕಾಯಿತು.

ಫಲಿತಾಂಶ ೧೯೯೯ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಮೂವತ್ತು ದಿನಗಳೊಳಗೆ ತೀರಿಕೊಂಡವರು ಧಾರಾಳವಾಗಿ ರಕ್ತ ಪಡೆದ ಪಂಗಡದಲ್ಲಿ ನೂರಕ್ಕೆ ೨೩.೩, ಕಾದು ಕೊಟ್ಟ ಪಂಗಡದಲ್ಲಿ ೧೮.೭. ಈ ಅಂತರ ಆಕಸ್ಮಿಕವಾಗಿಯೂ ಬಂದಿರಬಹುದೆಂದು ಗಣಿತ ಎಚ್ಚರಿಸುತ್ತದೆ. ಆದರೆ ಕಾಯುವುದರಿಂದ ಕೇಡಾಯಿತೆಂಬುದಕ್ಕೆ ಪುರಾವೆ ಸಿಕ್ಕಲಿಲ್ಲವೆಂಬುದು ಸ್ಪಷ್ಟವಾಯಿತು. ೫೫ ವರ್ಷಕ್ಕಿಂತ ಚಿಕ್ಕವರಲ್ಲಂತೂ ೧೩ರ ಎದುರು ೫.೭, ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಒಬ್ಬೊಬ್ಬ ರೋಗಿಗೆ ಸರಾಸರಿಯಲ್ಲಿ ೫.೬ ಚೀಲ ರಕ್ತ ಹೋಗುತ್ತಿದ್ದ ಕಡೆ ೨.೬ ಸಾಕಾಯಿತು. ಕಾದು ಕೊಟ್ಟ ಪಂಗಡದಲ್ಲಿ ಮೂವರಲ್ಲಿ ಒಬ್ಬನಿಗೆ ಒಂದು ಚೀಲವೂ ಬೇಕಾಗಲಿಲ್ಲ. ೧೯೪೨ರ ಸೂತ್ರಕ್ಕೆ ೫೭ ವರ್ಷಗಳ ಮೇಲೆ ಪ್ರಯೋಗದ ಉತ್ತರ ಸಿಕ್ಕಿತು.

ಅನಂತರ ಬೇರೆ ಕಡೆಯೂ ಇದನ್ನು ಪರೀಕ್ಷಿಸಿದರು. ರಕ್ತಕ್ಕೆ ನಂಜೇರಿ ರಕ್ತದೊತ್ತಡ ಕುಸಿದವರ ಮೇಲೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್ ದೇಶಗಳಲ್ಲಿ ನಡೆದ ಪರೀಕ್ಷೆಯ ಫಲ ೨೦೧೪ರಲ್ಲಿ ಬಂದಿತು. ೭ಕ್ಕೆ ಕಾದವರಲ್ಲಿಯೂ ೯ಕ್ಕೇ ಕೊಟ್ಟವರಲ್ಲಿಯೂ ಸಾವಿನ ಪ್ರಮಾಣ ಹೆಚ್ಚುಕಡಮೆ ಒಂದೇ. ಹೀಗೆ ‘ಏಳು’ ಎಂಬ ಹೊಸ ಅಂಕಿ ಬಳಕೆಗೆ ಬಂದಿತು.

ಹಾಗಾದರೆ ಹತ್ತನ್ನು ಇಳಿಸಿ ಏಳನ್ನು ಅದೇ ಪೀಠದಲ್ಲಿ ಕೂರಿಸಿಬಿಡೋಣವೆ? ಕೂಡದು. ಹಾಗೆ ಮಾಡಿದರೆ ರೂಢಿಯ ಹೆಸರು ಬದಲಾದೀತೇ ಹೊರತು ಗುಣ ಬದಲಾಗದು. ಕೆನಡಾದ ಪ್ರಯೋಗದಲ್ಲಿಯೇ ಹೃದ್ರೋಗಿಗಳ ವಿಷಯದಲ್ಲಿ ಲಾಭ ಕಾಣಲಿಲ್ಲ. ೨೦೨೩ರಲ್ಲಿ ಪ್ರಕಟವಾದ, ಸುಮಾರು ೩,೫೦೦ ಹೃದಯಾಘಾತದ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಮೂವತ್ತು ದಿನಗಳೊಳಗೆ ಸಾವು ಅಥವಾ ಮತ್ತೊಂದು ಆಘಾತ ಕಂಡವರು ಕಾದ ಪಂಗಡದಲ್ಲಿ ನೂರಕ್ಕೆ ೧೬.೯, ಧಾರಾಳ ಪಂಗಡದಲ್ಲಿ ೧೪.೫. ಇಲ್ಲಿಯೂ ಅಂತರ ಖಚಿತವಲ್ಲ. ಆದರೆ ತಕ್ಕಡಿ ಇನ್ನೊಂದು ಕಡೆಗೆ ವಾಲಿದೆ. ಮಿದುಳಿಗೆ ಪೆಟ್ಟು ಬಿದ್ದವರ ಮೇಲೆ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಗಳೂ ಅಂಥವರಿಗೆ ಸ್ವಲ್ಪ ಧಾರಾಳವೇ ಲೇಸೆಂಬ ಕಡೆಗೆ ಬೊಟ್ಟುಮಾಡಿವೆ. ಇನ್ನು ಅಪಘಾತದಲ್ಲಿಯೋ ಹೆರಿಗೆಯಲ್ಲಿಯೋ ರಕ್ತ ಧಾರಾಕಾರವಾಗಿ ಹರಿಯುತ್ತಿರುವಾಗ ಅಂಕಿಯನ್ನು ನೋಡುತ್ತ ಕೂರುವ ಮಾತೇ ಇಲ್ಲ. ಆ ಗಳಿಗೆಯಲ್ಲಿ ಪರೀಕ್ಷೆಯ ಚೀಟಿ ನಿಜಸ್ಥಿತಿಯನ್ನು ಹೇಳಲಾರದು. ತಡಮಾಡದೆ ರಕ್ತ ಕೊಡಬೇಕು. ಸೂತ್ರವಿದ್ದರೆ ಅಪವಾದವೂ ಇರುತ್ತದೆಂಬುದನ್ನು ನಮ್ಮ ಶಾಲೆಯ ಹುಡುಗರೂ ಬಲ್ಲರು.

ಇಷ್ಟು ದೂರದ ಚರಿತ್ರೆಯಿಂದ ನಮ್ಮ ಮನೆಗಳಿಗೆ ಏನಾಗಬೇಕೆಂದು ತಾವು ಕೇಳಬಹುದು. ಆಗಬೇಕಾದುದು ಬಹಳವಿದೆ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ೧೯೯೬ರ ತೀರ್ಪಿನಂತೆ ೧೯೯೮ರ ಜನವರಿ ೧ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧವಾಯಿತು. ಅದು ಒಳ್ಳೆಯದೇ ಆಯಿತು. ಆದರೆ ಸ್ವಇಚ್ಛೆಯ ದಾನ ಸಾಲದ ಕಡೆ ‘ರಕ್ತ ತರಿಸಿ’ ಎಂಬ ಒಂದು ಚೀಟಿ ಒಂದು ಸಂಸಾರವನ್ನೇ ಬೀದಿಗಿಳಿಸುತ್ತದೆ. ಭಾವಮೈದುನನಿಗೆ ಫೋನು, ಕಚೇರಿಯ ಸ್ನೇಹಿತರಿಗೆ ಫೋನು, ಯಾರ ಗುಂಪು ಯಾವುದೆಂಬ ವಿಚಾರಣೆ. ಅಷ್ಟು ಪಾಡುಪಟ್ಟು ತಂದ ರಕ್ತ ನಿಜವಾಗಿ ಬೇಕಿದ್ದುದಾದರೆ ಆ ಶ್ರಮ ಸಾರ್ಥಕ. ಬೇಡದೆ ಕೊಟ್ಟುದಾದರೆ ರೋಗಿಗೂ ಲಾಭವಿಲ್ಲ. ಅದೇ ಚೀಲಕ್ಕಾಗಿ ಕಾದಿರುವ ಬಾಣಂತಿಗೂ, ಪದೇಪದೇ ರಕ್ತ ಪಡೆದೇ ಬದುಕಬೇಕಾದ ತಲಸ್ಸೀಮಿಯಾದ ಮಗುವಿಗೂ ಅನ್ಯಾಯ.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಐ.ಸಿ.ಯು.ವಿನ ಬಾಗಿಲಲ್ಲಿ ಕುಳಿತ ಬಂಧುಗಳಿಗೆ ವೈದ್ಯರು ಬಂದು ‘ಹಿಮೋಗ್ಲೋಬಿನ್ ಏಳೂವರೆ ಇದೆ, ಈ ಹೊತ್ತು ರಕ್ತ ಬೇಡ, ನೋಡೋಣ’ ಎಂದರೆ ಎದೆ ಧಸಕ್ಕೆನ್ನುವುದು ಸಹಜ. ಹನ್ನೆರಡಿರಬೇಕಾದುದು ಏಳೂವರೆಯಾಗಿದೆ, ಇವರು ಸುಮ್ಮನಿದ್ದಾರಲ್ಲ, ಕೈಬಿಟ್ಟರೋ ಏನೋ ಎಂದು ಅನುಮಾನ ಹುಟ್ಟುತ್ತದೆ. ಜಗಳಗಳೂ ಆಗುತ್ತವೆ. ಹಾಗೆ ಅನುಮಾನಿಸುವುದಕ್ಕೆ ಮುಂಚೆ ಮೇಲಿನ ಚರಿತ್ರೆಯನ್ನು ನೆನೆಯಿರಿ. ಆ ‘ನೋಡೋಣ’ ಎಂಬ ಮಾತಿನ ಹಿಂದೆ ಎಂಟುನೂರಕ್ಕೂ ಮೇಲ್ಪಟ್ಟ ರೋಗಿಗಳು ತಮ್ಮ ಪ್ರಾಣವನ್ನು ಪಣಕ್ಕಿಟ್ಟು ಕೊಟ್ಟ ಸಾಕ್ಷ್ಯವಿದೆ.

ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ವಿನಯದಿಂದ ಕೇಳಬೇಕಾದ ಪ್ರಶ್ನೆಗಳುಂಟು. ಎಲ್ಲಿಯಾದರೂ ರಕ್ತ ಸೋರುತ್ತಿದೆಯೆ? ರೋಗಿಗೆ ಹೃದಯದ ತೊಂದರೆ ಇದೆಯೆ, ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿದಿರುವಿರಾ? ನಿನ್ನೆಗಿಂತ ಇಂದು ಅಂಕಿ ಇಳಿಯುತ್ತಿದೆಯೋ, ನಿಂತಿದೆಯೋ? ರಕ್ತ ಕೊಡುವುದೇ ಆದರೆ ಒಂದು ಚೀಲ ಕೊಟ್ಟು ನೋಡಿ ಮುಂದಿನದನ್ನು ನಿರ್ಧರಿಸುವಿರಾ? ಒಂದು ಚೀಲದಿಂದ ಸಾಮಾನ್ಯವಾಗಿ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟು ಏರುತ್ತದೆ. ರಕ್ತ ಸೋರದಿರುವಾಗ ಒಮ್ಮೆಗೇ ಎರಡೆರಡು ಕೊಡುವುದೆಂಬ ಹಳೆಯ ವಾಡಿಕೆಗೂ ಆಧಾರವಿಲ್ಲ. ಪರೀಕ್ಷೆಗೆಂದು ದಿನದಿನವೂ ತೆಗೆಯುವ ರಕ್ತವನ್ನು ಮಿತಗೊಳಿಸಬಹುದೆ ಎಂದೂ ಕೇಳಬಹುದು. ಪಶ್ಚಿಮ ಯೂರೋಪಿನ ೧೪೬ ಘಟಕಗಳ ಲೆಕ್ಕವೊಂದು ೨೦೦೨ರಲ್ಲಿ ಹೊರಬಂದಿತು. ರೋಗಿಯೊಬ್ಬನಿಂದ ದಿನಕ್ಕೆ ಸರಾಸರಿ ೪೧ ಮಿಲಿಲೀಟರ್ ರಕ್ತವನ್ನು ಪರೀಕ್ಷೆಗೆಂದೇ ತೆಗೆಯುತ್ತಿದ್ದರೆಂದು ಅದರಿಂದ ತಿಳಿಯಿತು. ವಾರಕ್ಕೆ ಅದು ಎಷ್ಟಾಯಿತೆಂದು ತಾವೇ ಗುಣಿಸಿ ನೋಡಿರಿ. ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ತುಂಬಿದಂತೆ!

ರಕ್ತದಾನ ಮಾಡಬೇಡಿರೆಂದು ಈ ಲೇಖನದ ತಾತ್ಪರ್ಯವಲ್ಲ. ಅವಶ್ಯವಾಗಿ ಮಾಡಿರಿ. ದಾನಕ್ಕೆ ಪಾತ್ರವನ್ನು ನೋಡಬೇಕೆಂದು ಹಿಂದಿನವರು ಹೇಳಿದರು. ಹೊತ್ತನ್ನೂ ಹದವನ್ನೂ ನೋಡಬೇಕೆಂದು ಈ ಚರಿತ್ರೆ ಹೇಳುತ್ತದೆ. ತಮ್ಮ ತೋಳಿನಿಂದ ಹೊರಟ ರಕ್ತವು ಅದಿಲ್ಲದೆ ಬದುಕಲಾರದವನನ್ನು ತಲುಪಲಿ. ಬಂಧುವೊಬ್ಬರ ಹಾಸಿಗೆಯ ಬಳಿ ವೈದ್ಯರು ಕಾಯೋಣವೆಂದಾಗ ಏಕೆಂದು ಕೇಳಿರಿ. ಕಾರಣ ಹೇಳಿದರೆ, ಅವರೊಡನೆ ತಾವೂ ಧೈರ್ಯವಾಗಿ ಕಾಯಿರಿ.